ಎಳೆಗರುವಿನ ಕರುಳೂ ಗಿಣ್ಣದ ಹಾಲೂ

ಹಸು ಈದೊಡನೆ ಮೊದಲ ಹಾಲನ್ನು ಕರೆದು, ಗಿಣ್ಣ ಕಾಸಿ ನೆರೆಹೊರೆಗೆ ಹಂಚುವುದು ಈ ನಾಡಿನ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಕಸ ಬೀಳುವವರೆಗೂ ಕರುವಿಗೆ ಮೊಲೆಯೂಡಿಸಬಾರದೆಂಬ ನಂಬಿಕೆಯೂ ಅನೇಕ ಕಡೆ ಉಂಟು. ಇವುಗಳಿಂದ ಆಗುವ ಹಾನಿಯು ಕರುಳಿನ ವ್ಯವಸ್ಥೆಯನ್ನು ಅರಿತ ಹೊರತು ಮನಸ್ಸಿಗೆ ಬಾರದು.

ದೊಡ್ಡ ದನದ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಸದಾ ವಾಸಿಸುತ್ತಿರುವುವು. ಹೆಚ್ಚಿನವು ನಿರಪಾಯಕರ, ಕೆಲವು ಉಪಕಾರಿಗಳು, ಕೆಲವು ಮಾತ್ರ ರೋಗಕಾರಕಗಳು. ಇವುಗಳ ಮೇಲೆ ಕಾವಲಿರುವ ಜೀವಕಣಗಳು ಕರುಳಿನ ಗೋಡೆಯಲ್ಲಿಯೇ ಇವೆ. ಸಣ್ಣ ಕರುಳಿನಲ್ಲಿ ತೇಪೆ ಹಾಕಿದಂತೆ ಕಾಣುವ ಇವುಗಳ ಗುಂಪುಗಳನ್ನು ಸ್ವಿಟ್ಜರ್ಲೆಂಡಿನ ವೈದ್ಯ ಪೇಯರ್ ಎಂಬವರು 1677ರಲ್ಲಿ ವರ್ಣಿಸಿದರು. ತೇಪೆಯ ಮೇಲ್ಪೊರೆಯಲ್ಲಿರುವ ವಿಶೇಷ ಕಣಗಳು, ದಲ್ಲಾಳಿಯು ಮೂಟೆಯಿಂದ ಹಿಡಿ ಧಾನ್ಯವನ್ನು ತೆಗೆದು ನೋಡುವಂತೆ, ಸೂಕ್ಷ್ಮಜೀವಿಗಳ ಮಾದರಿಯನ್ನು ಒಳಕ್ಕೆ ಎಳೆದುಕೊಳ್ಳುವುವು. ಒಳಗಿನ ಬಿಳಿಯ ರಕ್ತಕಣಗಳು ಅದನ್ನು ಗುರುತಿಸಿ, ಅದಕ್ಕೇ ಅಂಟತಕ್ಕ ಪ್ರತಿಕಾಯವೆಂಬ ರಕ್ಷಕದ್ರವ್ಯವನ್ನು ತಯಾರಿಸುವುವು. ಈ ದ್ರವ್ಯವು ಕರುಳಿನೊಳಕ್ಕೆ ಸ್ರವಿಸಿ ಜೀವಿಗೆ ಅಂಟಿಕೊಂಡಿತೆಂದರೆ, ಅದು ಗೋಡೆಯನ್ನು ಹಿಡಿದು ನಿಲ್ಲಲಾರದೆ ಸಗಣಿಯೊಡನೆ ಹೊರಬೀಳುವುದು. ನಿರಪಾಯಕರ ಜೀವಿಗಳ ಮೇಲೆ ವೃಥಾ ಉರಿಯೂತವೇಳದಂತೆ ತಡೆಯುವ ಕಣಗಳೂ ಅಲ್ಲಿಯೇ ಇವೆ. ಅವಿಲ್ಲದಿದ್ದರೆ ತಿಂದ ಮೇವೂ ಶತ್ರುವಾದೀತು.

ಆಗತಾನೆ ಹುಟ್ಟಿದ ಕರುವಿನಲ್ಲಿ ಈ ಕಾವಲು ಇದ್ದರೂ ಅದಕ್ಕೆ ಅನುಭವವಿಲ್ಲ. ಸಾಕಷ್ಟು ಪ್ರತಿಕಾಯಗಳನ್ನು ತಾನೇ ತಯಾರಿಸಿಕೊಳ್ಳಲು ವಾರಗಳೇ ಬೇಕು. ಮನುಷ್ಯಶಿಶುವಿಗೆ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ದೊರೆಯುವುವು. ಹಸುವಿನ ಮಾಸು ಅವನ್ನು ದಾಟಗೊಡದು. ಆದುದರಿಂದ ಕರುವಿಗೆ ಅವು ಗಿಣ್ಣದ ಹಾಲಿನಿಂದಲೇ ಬರಬೇಕು. ಅವನ್ನು ಜೀರ್ಣಿಸದೆ ಇಡಿಯಾಗಿ ರಕ್ತಕ್ಕೆ ಸೇರಿಸಿಕೊಳ್ಳುವ ಶಕ್ತಿಯು ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಚೆನ್ನಾಗಿದ್ದು, ಬರಬರುತ್ತ ಕುಗ್ಗಿ, 24 ಗಂಟೆಗಳ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋಗುವುದು. ತೆರೆದ ಈ ಬಾಗಿಲು ಮಿತ್ರನೋ ಶತ್ರುವೋ ಎಂದು ವಿಚಾರಿಸದು. ಗಿಣ್ಣದ ಹಾಲಿಗಿಂತ ಮೊದಲು ಕೊಟ್ಟಿಗೆಯ ಕೊಳೆಯು ಬಾಯಿಗೆ ಹೋದರೆ ರೋಗಜೀವಿಗಳೇ ಒಳಹೊಕ್ಕಾವು.

1922ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್, ರಾಲ್ಫ್ ಲಿಟಲ್ ಎಂಬ ವಿದ್ವಾಂಸರು ಕೆಲವು ಕರುಗಳಿಗೆ ಗಿಣ್ಣದ ಹಾಲನ್ನು ಕೊಡದೆ ಪರೀಕ್ಷಿಸಿದರು. ಅವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು.

ಕರು ಹುಟ್ಟಿದ 2 ಗಂಟೆಗಳೊಳಗೆ, ತಪ್ಪಿದರೂ 6 ಗಂಟೆಗಳನ್ನು ಮೀರದಂತೆ, ಕೆಚ್ಚಲನ್ನು ತೊಳೆದು ಮೊಲೆಯೂಡಿಸತಕ್ಕದ್ದು. ಮೊದಲ 12 ಗಂಟೆಗಳಲ್ಲಿ ಕರುವಿನ ತೂಕದ ಹತ್ತರಲ್ಲೊಂದು ಪಾಲು, ಎಂದರೆ 20 ಕಿಲೋಗ್ರಾಂ ತೂಗುವ ಕರುವಿಗೆ 2 ಲೀಟರು, ಎರಡು ಮೂರು ಸಲಕ್ಕೆ ಹೊಟ್ಟೆ ಸೇರಬೇಕು. ಈ ಹಾಲನ್ನು ಕುದಿಸಿದರೆ ಪ್ರತಿಕಾಯಗಳು ಕೆಡುವುವು. ಕಸ ಬೀಳಲು 12 ಗಂಟೆಗಳವರೆಗೂ ಹಿಡಿಯಬಹುದಾಗಿ, ಅದನ್ನು ಕಾಯುತ್ತ ಕುಳಿತವನು ಮುಚ್ಚುತ್ತಿರುವ ಬಾಗಿಲನ್ನು ಕಾದಂತೆ; ಮೇಲಾಗಿ ಕರುವು ಮೊಲೆಯುಂಡರೆ ಗರ್ಭಕೋಶವು ಸಂಕೋಚಗೊಂಡು ಕಸ ಬೀಳಲು ಅನುಕೂಲವೇ ಆಗುವುದು. ಗಿಣ್ಣ ಕಾಸಲು ಕರು ಉಂಡು ಮಿಕ್ಕ ಹಾಲು ಧಾರಾಳವಾಗಿ ಸಾಕು.

ಗಬ್ಬದ ಹಸುವನ್ನು ಕೊಳ್ಳುವವರು ಈಯುವುದಕ್ಕೆ ಕೆಲವು ವಾರಗಳ ಮುಂಚೆಯೇ ಮನೆಗೆ ತರುವುದು ಲೇಸು. ಆ ಕೊಟ್ಟಿಗೆಯ ಸೂಕ್ಷ್ಮಜೀವಿಗಳಿಗೆ ತಕ್ಕ ಪ್ರತಿಕಾಯಗಳು ಅದರ ಕೆಚ್ಚಲಿಗೆ ಇಳಿಯಲು ಅಷ್ಟು ಕಾಲ ಬೇಕು.