ಈಸಿಂಗ್ ಫಂಕ್ಷನ್

ಈಸಿಂಗ್ ಫಂಕ್ಷನ್ ಎಂದರೆ ಅನಿಮೇಷನ್‌ನಲ್ಲಿ ಕಳೆದ ಕಾಲಕ್ಕೂ ವಸ್ತು ಕ್ರಮಿಸಿದ ದೂರಕ್ಕೂ ಇರುವ ಸಂಬಂಧವನ್ನು ನಿರ್ಧರಿಸುವ ಗಣಿತದ ಸೂತ್ರ. ಜಾಲಪುಟದ ಚಿತ್ರವೊಂದು ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ ಸಾಗಬೇಕೆಂಬುದನ್ನು ಬೇರೆಯಾಗಿ ಗೊತ್ತುಪಡಿಸಲಾಗುತ್ತದೆ. ನಡುವಿನ ಗತಿಯಷ್ಟೇ ಈ ಫಂಕ್ಷನ್‌ನ ಹೊಣೆ.

ಹಿನ್ನೆಲೆ

ನಿಂತ ಬಂಡಿ ಒಮ್ಮೆಲೇ ಪೂರ್ಣ ವೇಗವನ್ನು ಪಡೆಯುವುದಿಲ್ಲ. ಓಡುವ ಬಂಡಿ ಥಟ್ಟನೆ ನಿಲ್ಲುವುದೂ ಇಲ್ಲ. ಡಿಸ್ನಿ ಸಂಸ್ಥೆಯ ಚಿತ್ರಕಾರರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ‘ದಿ ಇಲ್ಯೂಷನ್ ಆಫ್ ಲೈಫ್’ ಗ್ರಂಥದಲ್ಲಿ ವಿವರಿಸಿದ 12 ತತ್ತ್ವಗಳಲ್ಲಿ ಇದೂ ಒಂದು. ಫ್ಲ್ಯಾಶ್ ತಂತ್ರಾಂಶಕ್ಕಾಗಿ ರಾಬರ್ಟ್ ಪೆನ್ನರ್ ರಚಿಸಿದ ಸೂತ್ರಗಳು ಮುಂದೆ ಜಾವಾಸ್ಕ್ರಿಪ್ಟ್‌ಗೂ ಬಂದವು. ಗುರಿಯನ್ನು ಶೇ. 10ರಷ್ಟು ದಾಟಿ ಹಿಂದಿರುಗುವ ಚಲನೆಗೆ ಅವರು ಬಳಸಿದ 1.70158 ಎಂಬ ಸ್ಥಿರಾಂಕ ಇಂದಿಗೂ ಹಾಗೆಯೇ ಉಳಿದಿದೆ.

ಸಿಎಸ್‌ಎಸ್‌ನ ಕ್ಯೂಬಿಕ್ ಬೆಝಿಯರ್ ವಕ್ರರೇಖೆ ಹೆಚ್ಚಿನ ಅಗತ್ಯಗಳಿಗೆ ಸಾಕು. ಆದರೆ ನೆಲಕ್ಕೆ ಬಿದ್ದ ಚೆಂಡು ಹಲವು ಬಾರಿ ಪುಟಿಯುವಂತಹ ಚಲನೆಯನ್ನು ಅಂತಹ ಒಂದೇ ರೇಖೆಯಿಂದ ತೋರಿಸಲಾಗದು. ಆಗ ಸ್ವಂತ ಫಂಕ್ಷನ್ ಬರೆಯಬೇಕಾಗುತ್ತದೆ.

ರಚನೆ

ಕಳೆದ ಕಾಲವನ್ನು ಒಟ್ಟು ಅವಧಿಯಿಂದ ಭಾಗಿಸಿದಾಗ 0ರಿಂದ 1ರವರೆಗಿನ ಅನುಪಾತ ದೊರೆಯುತ್ತದೆ. ಫಂಕ್ಷನ್ ಇದನ್ನು ಪಡೆದು ಚಲನೆಯ ಅನುಪಾತವನ್ನು ಹಿಂದಿರುಗಿಸುತ್ತದೆ. 0ಗೆ 0, 1ಕ್ಕೆ 1 ಬರಲೇಬೇಕು. ಇಲ್ಲವಾದರೆ ವಸ್ತು ತಪ್ಪು ಜಾಗದಲ್ಲಿ ನಿಲ್ಲುತ್ತದೆ. ನಡುವೆ ಬೆಲೆಯು ಈ ಎಲ್ಲೆಗಳನ್ನು ಮೀರಬಹುದು.

ಅನುಪಾತದ ವರ್ಗವೇ ಅತ್ಯಂತ ಸರಳವಾದ ಫಂಕ್ಷನ್. 300 ಪಿಕ್ಸೆಲ್ ದೂರವನ್ನು 1 ಸೆಕೆಂಡಿನಲ್ಲಿ ಕ್ರಮಿಸುವ ವಸ್ತು ಏಕರೂಪದ ವೇಗದಲ್ಲಿ ಅರ್ಧ ಸೆಕೆಂಡಿಗೆ 150 ಪಿಕ್ಸೆಲ್ ಸಾಗಿದರೆ, ವರ್ಗದ ಸೂತ್ರದಲ್ಲಿ 75 ಮಾತ್ರ ಸಾಗುತ್ತದೆ. ಅನುಪಾತವನ್ನು 1ರಿಂದ ಕಳೆದು, ವರ್ಗಮಾಡಿ, ಬಂದುದನ್ನು ಮತ್ತೆ 1ರಿಂದ ಕಳೆದರೆ ಚಲನೆ ತಿರುಗುಮುರುಗಾಗುತ್ತದೆ: ಅರ್ಧ ಸೆಕೆಂಡಿಗೆ 225 ಪಿಕ್ಸೆಲ್, ಆಮೇಲೆ ನಿಧಾನವಾದ ನಿಲುಗಡೆ. ಈ ಉಪಾಯ ಯಾವುದೇ ಈಸಿಂಗ್ ಫಂಕ್ಷನ್‌ಗೂ ಸಲ್ಲುತ್ತದೆ. ಬಳಕೆದಾರರು ಗುಂಡಿ ಒತ್ತಿದಾಗ ತೆರೆಯುವ ಪಟ್ಟಿಗಳಿಗೆ ಈ ಎರಡನೆಯ ಬಗೆಯೇ ಹೆಚ್ಚು ಒಪ್ಪುತ್ತದೆ. ನಿಧಾನವಾಗಿ ಹೊರಡುವ ಪಟ್ಟಿ ಒತ್ತಿದ್ದು ತಲುಪಲಿಲ್ಲವೇನೋ ಎಂಬ ಅನುಮಾನ ಹುಟ್ಟಿಸುತ್ತದೆ.

ಚಾಲನೆ

ಬ್ರೌಸರ್‌ನ ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್ ಸೌಲಭ್ಯವು ಪರದೆಯನ್ನು ಮತ್ತೆ ಚಿತ್ರಿಸುವ ಮುನ್ನ ಮಿಲಿಸೆಕೆಂಡುಗಳಲ್ಲಿ ಸಮಯವನ್ನು ತಿಳಿಸುತ್ತದೆ. ಲೆಕ್ಕ ಈ ಸಮಯದಿಂದಲೇ ನಡೆಯಬೇಕು. ಫ್ರೇಮ್‌ಗಳನ್ನು ಎಣಿಸಿದರೆ, ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಗಿಂತ 120 ಬಾರಿ ಬದಲಾಗುವ ಪರದೆಯಲ್ಲಿ ಅದೇ ಅನಿಮೇಷನ್ ಇಮ್ಮಡಿ ವೇಗದಲ್ಲಿ ಓಡುತ್ತದೆ. ಕೊನೆಯ ಫ್ರೇಮ್ ಅವಧಿಯ ಅಂತ್ಯಕ್ಕೆ ಸರಿಯಾಗಿ ಬೀಳುವುದು ಅಪರೂಪವಾದ್ದರಿಂದ ಅನುಪಾತವು 1ನ್ನು ಮೀರದಂತೆ ತಡೆಯಬೇಕು.

ಒಳಕಿವಿಯ ಸಮತೋಲನದ ತೊಂದರೆ ಇರುವವರಿಗೆ ಪರದೆಯ ಚಲನೆಯಿಂದ ತಲೆಸುತ್ತು, ವಾಕರಿಕೆ ಉಂಟಾಗಬಹುದು. ಅಂಥವರು ತಮ್ಮ ಸಾಧನದಲ್ಲಿ ಚಲನೆಯನ್ನು ಕಡಿಮೆ ಮಾಡುವ ಆಯ್ಕೆಯನ್ನು ಇಟ್ಟುಕೊಂಡಿದ್ದರೂ ಜಾವಾಸ್ಕ್ರಿಪ್ಟ್‌ನಲ್ಲಿ ಕೈಯಾರೆ ಬರೆದ ಅನಿಮೇಷನ್ ತಾನಾಗಿಯೇ ನಿಲ್ಲುವುದಿಲ್ಲ. ಕಾರ್ಯಕ್ರಮವೇ ಮ್ಯಾಚ್‌ಮೀಡಿಯಾ ಮೂಲಕ ಆ ಆಯ್ಕೆಯನ್ನು ವಿಚಾರಿಸಿ, ವಸ್ತುವನ್ನು ನೇರವಾಗಿ ಕೊನೆಯ ಸ್ಥಾನದಲ್ಲಿ ಇರಿಸಬೇಕು.