ಆಸ್ಪತ್ರೆ ಸಹಾಯಕರ ತರಬೇತಿ: ಸೇರುವ ಮುನ್ನ ಒಂದು ಲೆಕ್ಕ



ಟೊಮೆಟೊ, ಮಾವಿನ ಬೆಲೆ ಕುಸಿದ ವರ್ಷ ಮಕ್ಕಳನ್ನು ಆಸ್ಪತ್ರೆ ಕೆಲಸಕ್ಕೆ ಹಚ್ಚೋಣವೆಂಬ ಯೋಚನೆ ಹೊಸೂರು, ಕೃಷ್ಣಗಿರಿ ಕಡೆಯ ರೈತರಿಗೆ ಬರುವುದು ಸಹಜ. ರೋಗಿಗಳ ಸೇವೆ ಪುಣ್ಯದ ಕೆಲಸವೇ ಸರಿ. ಆದರೆ ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಎಣಿಸಬೇಕೆಂಬ ಪ್ರಭುವಿನ ಬುದ್ಧಿಮಾತನ್ನು (ಲೂಕ 14:28) ನಾವು ಮರೆಯಬಾರದು.

ಒಂದು ವರ್ಷದ ಸರ್ಟಿಫಿಕೇಟಿಗೆ ಶುಲ್ಕ 40,000, ಹಾಸ್ಟೆಲು ಮತ್ತು ಊಟ 60,000, ಪುಸ್ತಕ, ಸಮವಸ್ತ್ರ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮಗಳು ಗುಲಾಬಿ ತೋಟದಲ್ಲಿ ತಿಂಗಳಿಗೆ 6,000 ದುಡಿಯುತ್ತಿದ್ದರೆ, ಕೈತಪ್ಪುವ ಆ 72,000 ಕೂಡ ಖರ್ಚೇ. ಒಟ್ಟು 1,82,000.

ಮುಂದೆ 12,000 ಸಂಬಳ ಸಿಕ್ಕಿತೆನ್ನೋಣ. ಬಸ್ಸಿಗೆ 1,000 ಕೊಟ್ಟು ಮನೆಯಿಂದಲೇ ಹೋಗಿಬಂದರೆ ತೋಟದ ಕೂಲಿಗಿಂತ 5,000 ಹೆಚ್ಚು; ಸುಮಾರು ಮೂರು ವರ್ಷದಲ್ಲಿ ಹಾಕಿದ ಹಣ ಹಿಂದಿರುಗುತ್ತದೆ. ಬೆಂಗಳೂರಿನಲ್ಲಿದ್ದು ಬಾಡಿಗೆ, ಊಟಕ್ಕೆ 5,000 ತೆತ್ತರೆ ಹೆಚ್ಚುವರಿ 1,000 ಮಾತ್ರ. ಹದಿನೈದು ವರ್ಷ ಬೇಕು. ಸಾಲ ಮಾಡಿದ್ದರೆ ಬಡ್ಡಿ ಬೇರೆ.

ಇನ್ನೊಂದು ಮುಖ್ಯ ವಿಷಯ. ಇಂಥ ಸರ್ಟಿಫಿಕೇಟಿನಿಂದ ಯಾರೂ ನರ್ಸ್ ಆಗುವುದಿಲ್ಲ. ಪ್ಲಸ್ ಟು ಮುಗಿಸಿ ಮಾನ್ಯತೆಯುಳ್ಳ ಶಾಲೆಯಲ್ಲಿ ಎರಡು ವರ್ಷದ ಎ.ಎನ್.ಎಂ. ಅಥವಾ ಮೂರು ವರ್ಷದ ಜಿ.ಎನ್.ಎಂ. ಓದಿದವರಿಗೆ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿಯಾಗುತ್ತದೆ. ನೋಂದಣಿಯಿಲ್ಲದೆ ಸರ್ಕಾರಿ ನರ್ಸ್ ಹುದ್ದೆ ಸಿಗದು.

ಆದ್ದರಿಂದ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿರಿ: ಮಾನ್ಯತೆ ಕೊಟ್ಟವರು ಯಾರು? ಹಿಂದಿನ ವರ್ಷ ಕಲಿತವರು ಈಗೆಲ್ಲಿದ್ದಾರೆ? ಅವರ ಕೈಗೆ ಬರುವ ಸಂಬಳವೆಷ್ಟು? ಉತ್ತರ ಸಿಗುವವರೆಗೆ ಹಸು ಮಾರಬೇಡಿ, ಹೊಲ ಅಡವಿಡಬೇಡಿ. ಅರ್ಜಿ ಕಾಗದಗಳನ್ನು ಭಾನುವಾರದ ಪೂಜೆಯ ನಂತರ ತನ್ನಿರಿ, ಕೂಡಿ ಓದೋಣ.