ಹೇಳಿಕೊಳ್ಳಲಾರದ ಕೊರತೆ

1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾಯಿತಷ್ಟೆ. ಅದೇ ದಿನ ರಾಯಚೂರು ಜಿಲ್ಲೆಯ ಗದ್ವಾಲ ತಾಲೂಕು ಆಂಧ್ರಪ್ರದೇಶಕ್ಕೆ ಹೋಯಿತು. ಈಗ ತೆಲಂಗಾಣದಲ್ಲಿರುವ ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಕನ್ನಡ ಮನೆಗಳಿಗೂ ನಮಗೂ ಇರುವ ಹೋಲಿಕೆ ಶಾಲೆ ಮತ್ತು ಅರ್ಜಿಗಳಲ್ಲಿಗೆ ಮುಗಿಯುವುದಿಲ್ಲ. ಮೈಯ ಕಷ್ಟವನ್ನು ಪರಭಾಷೆಯಲ್ಲಿ ವೈದ್ಯರಿಗೆ ತಿಳಿಸಬೇಕಾದ ಸಂಕಟವೂ ಅದರಲ್ಲೊಂದು. ಹೊಟ್ಟೆನೋವಾದರೆ ಕೈಸನ್ನೆಯಿಂದಲಾದರೂ ತೋರಿಸಬಹುದು. ಮದುವೆಯಾಗಿ ವರ್ಷ ತುಂಬಿಲ್ಲ, ಹೆಂಡತಿಯ ಮೇಲೆ ಮನಸ್ಸೇ ಹೋಗುವುದಿಲ್ಲ ಎಂಬುದನ್ನು ಯಾವ ಸನ್ನೆಯಿಂದ ತೋರಿಸುವುದು?

ಇಂಥ ತರುಣನ ಕಣ್ಣಿಗೆ ಮೊದಲು ಬೀಳುವುದು ಬಸ್‌ಸ್ಟ್ಯಾಂಡಿನ ಗೋಡೆಯ ‘ಗುಪ್ತರೋಗ’ದ ಜಾಹೀರಾತು. ಕಾಮಶಕ್ತಿ ಹೆಚ್ಚಿಸುವ ಔಷಧಿಯ ಜಾಹೀರಾತನ್ನು 1954ರ ಕೇಂದ್ರ ಕಾಯಿದೆಯೊಂದು ನಿಷೇಧಿಸಿದೆ. ಗೋಡೆಗಳಿಗೆ ಅದು ತಿಳಿದಂತಿಲ್ಲ. ಅಲ್ಲಿ ಹೋದವನಿಗೆ ‘ಧಾತು ನಷ್ಟವಾಗಿದೆ’ ಎನ್ನುತ್ತಾರೆ. ಈ ಭಯ ನಮ್ಮ ದೇಶದಲ್ಲಿ ಎಷ್ಟು ಆಳವಾಗಿದೆಯೆಂದರೆ, ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದೇ ಹೆಸರಿಟ್ಟರು. ವೀರ್ಯ ರಕ್ತದಿಂದ ಇಳಿಯುವುದಿಲ್ಲ. ಅದು ಹೋದರೆ ಶಕ್ತಿ ಸೋರುವುದೂ ಇಲ್ಲ.

ಹಾಗಾದರೆ ಹಾರ್ಮೋನಿನ ಕೊರತೆಯೆಂಬುದು ಸುಳ್ಳೇ? ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಅಪ್ಪಣೆಯಂತೆ ವೃಷಣಗಳು ಟೆಸ್ಟೋಸ್ಟಿರೋನನ್ನು ತಯಾರಿಸುತ್ತವೆ. ಶಾಲೆಯ ವಿಜ್ಞಾನದಲ್ಲಿ ಈ ಪಾಠವಿದೆ. ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಅದನ್ನು ದಾಟಿಬಿಡುವ ರೂಢಿಯೂ ಶಾಲೆಗಳಲ್ಲಿದೆ! ಈ ಹಾರ್ಮೋನು ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಆದ್ದರಿಂದ ಮಧ್ಯಾಹ್ನ ರಕ್ತ ಕೊಟ್ಟು ‘ಕಡಿಮೆಯಿದೆ’ ಎಂಬ ಚೀಟಿ ಪಡೆದರೆ ಅದನ್ನು ನೆಚ್ಚುವಂತಿಲ್ಲ. ಬೇರೆ ಬೇರೆ ಎರಡು ದಿನ, ಬೆಳಿಗ್ಗೆ ಹತ್ತರೊಳಗೆ ಪರೀಕ್ಷೆಯಾಗಬೇಕು. ಎರಡು ಸಲವೂ ಡೆಸಿಲೀಟರಿಗೆ ಸುಮಾರು 300 ನ್ಯಾನೋಗ್ರಾಮಿಗಿಂತ ಕೆಳಗಿದ್ದರೆ ವೈದ್ಯರು ಮುಂದೆ ಹುಡುಕುತ್ತಾರೆ: ಪ್ರೊಲ್ಯಾಕ್ಟಿನ್ ಏರಿದೆಯೆ, ಥೈರಾಯ್ಡ್ ಸರಿಯಿದೆಯೆ, ಸಕ್ಕರೆ ಕಾಯಿಲೆ ಇದೆಯೆ ಎಂದು. ಆಸಕ್ತಿ ಕುಂದಿರುವುದರ ಜೊತೆಗೆ ತಲೆನೋವು, ದೃಷ್ಟಿ ಮಂಕಾಗುವುದು, ಎದೆ ಊದಿಕೊಳ್ಳುವುದು, ಗಡ್ಡ ಮೀಸೆ ತೆಳುವಾಗುವುದು ಕಂಡರೆ ತಡಮಾಡಲೇಬಾರದು.

ಆದರೆ ಪ್ರಾಯದವರಲ್ಲಿ ಅನೇಕ ವೇಳೆ ಕಾರಣ ಬೇರೆ ಕಡೆ ಇರುತ್ತದೆ. ‘ಪಾಲಮೂರು ಕೂಲಿ’ ಎಂದು ಹೆಸರಾದ ಸೀಮೆಯಿದು. ದುಡಿಯಲು ದೂರದ ಊರುಗಳಿಗೆ ಹೋಗುವವರು ಬಹಳ. ಕಟ್ಟಡದ ಕೆಲಸ, ಅರೆನಿದ್ದೆ, ಸಾಲದ ಚಿಂತೆ. 2011ರಲ್ಲಿ ಪ್ರಕಟವಾದ ಷಿಕಾಗೋ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಹತ್ತು ಮಂದಿ ಆರೋಗ್ಯವಂತ ಯುವಕರು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿದಾಗ ಅವರ ಹಗಲಿನ ಟೆಸ್ಟೋಸ್ಟಿರೋನ್ ಶೇಕಡಾ 10ರಿಂದ 15ರಷ್ಟು ಇಳಿದಿತ್ತು. ಕುಗ್ಗಿದ ಮನಸ್ಸಿನಲ್ಲಿ ಆಸೆ ಹುಟ್ಟುವುದಿಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಆಸೆಯನ್ನು ತಗ್ಗಿಸುತ್ತವೆ.

ಇನ್ನು ಸೇಂದಿ. ಮಹಬೂಬನಗರ ಸೀಮೆಯಲ್ಲೂ ನೆರೆಯ ರಾಯಚೂರಿನಲ್ಲೂ ಅದಕ್ಕೆ ಕ್ಲೋರಲ್ ಹೈಡ್ರೇಟ್, ಡೈಜಿಪಾಮ್, ಆಲ್‌ಪ್ರಜೋಲಾಮ್ ಬೆರೆಸುವ ದಂಧೆ ಹಳೆಯದು. ‘ಸಿ.ಎಚ್. ಪೌಡರ್’ ಎಂದರೆ ಅಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ದಿನವೂ ಮತ್ತಿನ ಔಷಧಿ ಕುಡಿದವನಿಗೆ ಹೆಂಡತಿಯ ನೆನಪಾಗದಿರುವುದು ಆಶ್ಚರ್ಯವಲ್ಲ. ಹಾಗೆಂದು ಒಮ್ಮೆಲೇ ಬಿಡುವುದೂ ಅಪಾಯ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆಯ ಮೇಲೆ ಬಿಗಿ ಬಂದಾಗ ಸೇಂದಿ ಸಿಗದ ಜನ ನಡುಕ, ಫಿಟ್ಸ್, ಭ್ರಮೆಗಳಿಂದ ಆಸ್ಪತ್ರೆ ಸೇರಿದರು. ವೈದ್ಯರ ಕೈಕೆಳಗೆ ಹಂತಹಂತವಾಗಿ ಬಿಡಬೇಕು.

ಇವನ್ನೆಲ್ಲ ಕೇಳದೆ ನೇರವಾಗಿ ಗಂಡಸು ಹಾರ್ಮೋನಿನ ಚುಚ್ಚುಮದ್ದು ಕೊಡುವವರ ವಿಷಯದಲ್ಲಿ ನಮಗೆ ಅಸಮಾಧಾನವಿದೆ. ಹೊರಗಿನಿಂದ ಟೆಸ್ಟೋಸ್ಟಿರೋನ್ ಬಂದೊಡನೆ ಪಿಟ್ಯುಟರಿ ತನ್ನ ಅಪ್ಪಣೆಯನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳು ತಗ್ಗಿ ಕೆಲವರಲ್ಲಿ ಇಲ್ಲವೇ ಆಗುತ್ತವೆ. ಮದ್ದು ಬಿಟ್ಟ ಮೇಲೂ ಅವು ಮರಳಲು ತಿಂಗಳುಗಳೇ ಬೇಕು. ಮಗುವಿಗಾಗಿ ಹಂಬಲಿಸುವ ಮನೆಯಲ್ಲಿ ಆಗ ‘ಬಂಜೆ’ ಎಂಬ ಮಾತು ಬೀಳುವುದು ಸೊಸೆಯ ಮೇಲೆ. ಜಿಮ್‌ಗಳಲ್ಲಿ ಮಾಂಸಖಂಡಕ್ಕೆಂದು ಚುಚ್ಚಿಸಿಕೊಳ್ಳುವ ಸ್ಟೆರಾಯ್ಡುಗಳ ಕಥೆಯೂ ಇದೇ.

ಡಾ. ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳಿಂದ ಇಂಥ ವಿಷಯವನ್ನು ಕನ್ನಡದಲ್ಲಿ ಮರ್ಯಾದೆಯಿಂದ ಹೇಳಬಹುದೆಂಬುದು ತಿಳಿದೇ ಇದೆ. ಕೇಳುವ ಕಿವಿ ಬೇಕಾದವರಿಗೆ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಸರಕಾರಿ ದೂರವಾಣಿ ಸೇವೆಯಿದೆ. ಅದರ ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡವನ್ನೇ ಆರಿಸಿಕೊಂಡು ಮಾತಾಡಬಹುದು.